ಹೆಮ್ಮೆಯ ಗೋಡೆಯ ಪ್ರಕರಣ

ಸೋಮವಾರ, ಹನ್ನೊಂದನೇ ತಾರೀಖು, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಠಾಣೆಗೆ ದೂರು ಬಂತು. ಗಂಟೆ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಕ್ಕೆ ಕಾರಣ ಅಲ್ಲಿನ ಹೆಡ್ ಕಾನ್ಸ್‌ಟೇಬಲ್. ಆತನನ್ನು ಎಲ್ಲರೂ ಗಡಿಯಾರ ಅಂತಲೇ ಕರೆಯುತ್ತಿದ್ದರು. ಚಹಾ ಬಂದ ಹೊತ್ತು, ಕರೆಂಟು ಹೋದ ಹೊತ್ತು, ಸಾಹೇಬರು ಸೀನಿದ ಹೊತ್ತು, ಯಾವುದನ್ನು ಕೇಳಿದರೂ ಥಟ್ಟನೆ ಹೇಳುವ ಮಹಾಶಯ.

ಇನ್ಸ್‌ಪೆಕ್ಟರು ಜ್ವರದಿಂದ ಎದ್ದು ಕೆಲಸಕ್ಕೆ ಬಂದ ಮೊದಲ ದಿನ ಅದು. ಮೈ ತಣ್ಣಗಾಗಿತ್ತು, ಆದರೆ ತಲೆಯಲ್ಲಿ ಜ್ವರದ ಬಾಲ ಇನ್ನೂ ಉಳಿದಿತ್ತು. ಕುರ್ಚಿ, ಮೇಜು, ಎದುರಿನ ಬೀರು ಎಲ್ಲವೂ ನೀರಿನೊಳಗೆ ನಿಂತ ಹಾಗೆ ಕಾಣುತ್ತಿದ್ದವು. ಯಾರಾದರೂ ಮಾತಾಡಿದರೆ ತುಟಿ ಮೊದಲು ಅಲ್ಲಾಡಿ, ಮಾತು ಒಂದು ಗಳಿಗೆ ತಡವಾಗಿ ಬಂದಂತೆ ಅನಿಸುತ್ತಿತ್ತು. ಹೊರಗೆ ನೋಡಿದರೆ ಅಲ್ಲೂ ಹಾಗೇ. ವಾರದಿಂದ ಬಿಡದ ಮಂಜು, ಬೀದಿಯ ಆಚೆ ಬದಿಯ ಅಂಗಡಿಗಳು ಇವೆಯೋ ಇಲ್ಲವೋ ಅನ್ನುವ ಹಾಗೆ. "ಇನ್ನೆರಡು ದಿನ ಮಲಗಿ, ನೀವಿಲ್ಲದಿದ್ದರೆ ಊರೇನೂ ಮುಳುಗಿಹೋಗಲ್ಲ" ಅಂತ ಹೆಂಡತಿ ಗದರಿದ್ದಳು. ಇವರಿಗೆ ಮಲಗಿ ಮಲಗಿ ಸಾಕಾಗಿತ್ತು.

ಆ ಮಂಜಿನೊಳಗಿಂದ ಕಾಲೇಜಿನ ಪ್ರಾಂಶುಪಾಲರು ಮೂಡಿ ಬಂದರು. ಕೋಟು ಹಾಕಿದ್ದರು, ಗುಂಡಿ ತಪ್ಪಾಗಿ ಬಿದ್ದಿತ್ತು.

"ಕಳ್ಳತನ ಆಗಿದೆ."

"ಏನು ಹೋಗಿದೆ?" ಇನ್ಸ್‌ಪೆಕ್ಟರು ಕೇಳಿದರು.

"ಗೋಡೆ."

ಗಡಿಯಾರ ಬರೆಯುತ್ತಿದ್ದ ಪೆನ್ನು ಎತ್ತಿ ಸಾಹೇಬರ ಮುಖ ನೋಡಿದ. ಸಾಹೇಬರಿಗೆ ಇದು ಜ್ವರದ್ದೇ ಆಟ ಅಂತ ಒಂದು ಕ್ಷಣ ಅನುಮಾನ ಬಂತು.

"ಗೋಡೆಯ ಮೇಲಿದ್ದದ್ದು," ಅಂತ ಪ್ರಾಂಶುಪಾಲರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ನಮ್ಮ 'ಹೆಗಲು' ಕೇಂದ್ರದ ಹೆಮ್ಮೆಯ ಗೋಡೆ. ಇಪ್ಪತ್ತಾರು ಮಕ್ಕಳ ದೊಡ್ಡ ದೊಡ್ಡ ಚಿತ್ರ. ಒಂದೂ ಇಲ್ಲ. ಶುಕ್ರವಾರ ನೆರವು ಕೊಡುವ ಸಂಸ್ಥೆಯವರು ನೋಡೋಕೆ ಬರ್ತಾ ಇದ್ದಾರೆ. ಗೋಡೆ ನೋಡಿ ಮೆಚ್ಚಿದರೆ ಕೇಂದ್ರ ಮುಂದುವರಿಯುತ್ತೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು. ಏನು ಮಾಡಲಿ ಹೇಳಿ, ಕೈಕಾಲೇ ಆಡ್ತಾ ಇಲ್ಲ."

ಕಳ್ಳತನದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಇನ್ಸ್‌ಪೆಕ್ಟರು, ಗಡಿಯಾರ ಮತ್ತು ಠಾಣೆಯಲ್ಲಿ ಎಲ್ಲರಿಗಿಂತ ಚಿಕ್ಕವಳಾದ್ದರಿಂದ ತಂಗಿ ಎನಿಸಿಕೊಂಡಿದ್ದ ಮಹಿಳಾ ಕಾನ್ಸ್‌ಟೇಬಲ್, ಮೂವರೂ ಜೀಪು ಹತ್ತಿದರು.

ಹೆಗಲು ಕೇಂದ್ರ ಕಾಲೇಜಿನ ಹಿಂಬದಿಯ ಕಟ್ಟಡದಲ್ಲಿತ್ತು. ಒಳಗೆ ಕಾರಿಡಾರಿನಂಥ ಉದ್ದನೆಯ ಒಂದು ಓಣಿ, ಅದರ ಕೊನೆಗೆ ಓದುವ ಕೋಣೆ. ಓಣಿಯ ಎಡಗೋಡೆ ಬೋಳಾಗಿತ್ತು. ಚಿತ್ರಗಳಿದ್ದ ಕಡೆ ಬಣ್ಣ ಮಾಸದೆ, ಇಪ್ಪತ್ತಾರು ಬಿಳಿ ಚೌಕಗಳು ಮೂರು ಸಾಲಿನಲ್ಲಿ ನಿಂತಿದ್ದವು. ಮಂಜಿನ ಬೆಳಕಿನಲ್ಲಿ ಅವು ಮುಚ್ಚಿದ ಕಿಟಕಿಗಳ ಹಾಗೆ ಕಂಡವು. ಇನ್ಸ್‌ಪೆಕ್ಟರು ತಮಗರಿವಿಲ್ಲದೆ ಒಂದರ ಮೇಲೆ ಅಂಗೈ ಇಟ್ಟು ನೋಡಿದರು.

ಓದುವ ಕೋಣೆಯಿಂದ ಒಂದೇ ಸಮನೆ ದನಿ ಬರುತ್ತಿತ್ತು. ಹತ್ತಿಪ್ಪತ್ತು ಮಂದಿ ಒಟ್ಟಿಗೆ ಹೇಳುತ್ತಿದ್ದರು: "ಸರ್, ನನಗೆ ಅರ್ಥ ಆಗಲಿಲ್ಲ. ಇನ್ನೊಂದು ಸಲ ಹೇಳ್ತೀರಾ?"

"ಏನದು?" ಇನ್ಸ್‌ಪೆಕ್ಟರು ಕೇಳಿದರು.

"ಅಭ್ಯಾಸ," ಅಂದರು ಪ್ರಾಂಶುಪಾಲರು. "ಇವರೆಲ್ಲ ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು. ಕ್ಲಾಸಿನಲ್ಲಿ ಎದ್ದು ಪ್ರಶ್ನೆ ಕೇಳೋಕೇ ಬಾಯಿ ಬರಲ್ಲ. ದಿನಾ ಹೀಗೆ ಬಾಯಿಬಿಟ್ಟು ಹೇಳಿಸ್ತಾರೆ. ಮೊದಲು ನಗ್ತಾರೆ, ಆಮೇಲೆ ನಿಜವಾಗ್ಲೂ ಕೇಳ್ತಾರೆ. ಕಾಲೇಜು ಬಿಟ್ಟುಹೋಗೋರು ಈಗ ಬೆರಳೆಣಿಕೆಯಷ್ಟು. ಎಲ್ಲಾ ದೊಡ್ಡಕ್ಕನ ಪುಣ್ಯ."

ತಂಗಿ ಬಾಗಿಲಿನ ಗಾಜಿನಿಂದ ಒಳಗೆ ಇಣುಕಿ ನೋಡುತ್ತಾ ಅಲ್ಲೇ ನಿಂತುಬಿಟ್ಟಳು. ಗಡಿಯಾರ ಎರಡು ಸಲ ಕೆಮ್ಮಿದ ಮೇಲೆ ಬಂದಳು.

ಸ್ಥಳ ಪಂಚನಾಮೆ ಶುರುವಾಯಿತು. ಓಣಿಯ ಬೀಗ ಮುರಿದಿಲ್ಲ. ಕಿಟಕಿಯ ಸರಳು ಬಾಗಿಲ್ಲ. ಗಾಜಿನ ಚೂರು ಒಂದೂ ಬಿದ್ದಿಲ್ಲ. ಚಿತ್ರ ತೂಗುಹಾಕಿದ್ದ ಮೊಳೆಗಳನ್ನೆಲ್ಲ ಕಿತ್ತು, ಕಿಟಕಿಯ ಕಟ್ಟೆಯ ಮೇಲೆ ಒಂದು ಚಹಾ ಲೋಟದಲ್ಲಿ ಹಾಕಿಟ್ಟಿದ್ದರು.

"ಭಲೇ ಕಳ್ಳ ಸಾರ್," ಅಂದ ಗಡಿಯಾರ. "ಯಾರ ಕಾಲಿಗಾದರೂ ಚುಚ್ಚೀತು ಅಂತ ಮೊಳೆ ಎತ್ತಿಟ್ಟು ಹೋಗಿದ್ದಾನೆ. ಇಂಥವನನ್ನ ಹಿಡಿಯೋದಕ್ಕೆ ನನಗೇ ಸಂಕೋಚ."

ಓಣಿಯ ಕೀಲಿ ಇಬ್ಬರ ಹತ್ತಿರ ಇತ್ತು. ಒಂದು ಪ್ರಾಂಶುಪಾಲರ ಮೇಜಿನಲ್ಲಿ, ಇನ್ನೊಂದು ಕೇಂದ್ರ ನಡೆಸುವ ದೊಡ್ಡಕ್ಕನ ಸೊಂಟದಲ್ಲಿ. ದೊಡ್ಡಕ್ಕ ಅಂದರೆ ಐವತ್ತರ ಹತ್ತಿರದ ಹೆಂಗಸು, ಗಿಡ್ಡ ಕೂದಲು, ಬೆರಳಿನ ತುಂಬ ಸೀಮೆಸುಣ್ಣ. ಮಕ್ಕಳೆಲ್ಲ ಇಟ್ಟ ಹೆಸರು ಅದು, ಈಗ ಪ್ರಾಂಶುಪಾಲರೂ ಹಾಗೇ ಕರೆಯುತ್ತಿದ್ದರು. ಇನ್ಸ್‌ಪೆಕ್ಟರು ಅವರನ್ನು ಓದುವ ಕೋಣೆಯ ಮೂಲೆಯಲ್ಲಿ ಕೂರಿಸಿಕೊಂಡು ಕೇಳಿದರು.

"ಶನಿವಾರ ಓಣಿಗೆ ಬೀಗ ಹಾಕಿದ್ದು ಯಾರು?"

"ನಾನೇ."

"ಎಷ್ಟು ಹೊತ್ತಿಗೆ?"

"ಸಂಜೆ ಏಳಕ್ಕೆ."

"ಆಗ ಚಿತ್ರಗಳು ಇದ್ದವಾ?"

"ನಾನು ಒಳಗೆ ಬಂದಾಗ ಇದ್ದವು."

"ಯಾರ ಮೇಲಾದರೂ ಅನುಮಾನ?"

"ಮಕ್ಕಳ ಮೇಲೆ ಖಂಡಿತ ಇಲ್ಲ. ಅವರನ್ನ ಠಾಣೆಗೆ ಕರೆಸಬೇಡಿ. ಪರೀಕ್ಷೆ ನಡೀತಾ ಇದೆ."

ಮಾತಿನಲ್ಲಿ ತಡವರಿಕೆ ಇರಲಿಲ್ಲ. ಇನ್ಸ್‌ಪೆಕ್ಟರಿಗೆ ಏನೋ ಒಂದು ಸರಿಯಾಗಿ ಕೂರಲಿಲ್ಲ ಅನ್ನಿಸಿತು, ಆದರೆ ಅದು ಏನು ಅಂತ ಹಿಡಿಯಲು ಹೋದರೆ ಕೈಗೆ ಸಿಗದೆ ಜಾರಿಹೋಯಿತು. ಹಾಳು ಜ್ವರ ಅಂತ ಬೈದುಕೊಂಡು ಎದ್ದರು.

ಜೀಪು ಹತ್ತುವಾಗ ತಂಗಿ ತಾನಾಗಿಯೇ ಹೇಳಿದಳು: "ನಾನೂ ಇದೇ ಕಾಲೇಜು ಸಾರ್. ಆಗ ಹೆಗಲು ಗಿಗಲು ಏನೂ ಇರಲಿಲ್ಲ. ಮೊದಲನೇ ವರ್ಷದಲ್ಲೇ ಒಂದು ದಿನ ಹೋಗಲಿಲ್ಲ, ಮಾರನೇ ದಿನ ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಲಿಲ್ಲ. ಹಾಗೇ ಬಿಟ್ಟುಹೋಯ್ತು."

ಇನ್ಸ್‌ಪೆಕ್ಟರು ತಿರುಗಿ ಓಣಿಯ ಬಾಗಿಲ ಕಡೆ ಒಮ್ಮೆ ನೋಡಿದರು.

ಠಾಣೆಗೆ ಮರಳಿದರೆ ಬಾಗಿಲಲ್ಲೇ ಒಬ್ಬ ಬಸ್ ಮೆಕ್ಯಾನಿಕ್ ಕೂತಿದ್ದ. ಕೈಗೆಲ್ಲ ಗ್ರೀಸು. ಮುಖ ಬಿಳಿಚಿಕೊಂಡಿತ್ತು.

"ಸಾಹೇಬರೇ, ನನ್ನ ಮಗನಿಗೆ ಏನಾದರೂ ಆಗಿದೆಯಾ? ನಿಜ ಹೇಳಿಬಿಡಿ."

"ಯಾಕಪ್ಪಾ? ಏನಾಯ್ತು?"

"ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಅವನ ಫೋಟೋ. ಇಷ್ಟು ದೊಡ್ಡದು, ಚೌಕಟ್ಟು ಹಾಕಿದ್ದು. ಅವನು ಕಾಲೇಜಿಗೆ ಅಂತ ಹಿತ್ತಲ ಬಾಗಿಲಿಂದ ಆಗಲೇ ಹೋಗಿದ್ದ. ಇಷ್ಟು ದೊಡ್ಡ ಫೋಟೋ ಮನೆಗೆ ಯಾವಾಗ ಬರುತ್ತೆ ಹೇಳಿ! ನನ್ನ ಎದೆ ಧಸಕ್ಕೆಂದಿತು."

"ಮಗ ಈಗ ತಾನೇ ಓದುವ ಕೋಣೆಯಲ್ಲಿ 'ಅರ್ಥ ಆಗಲಿಲ್ಲ' ಅಂತ ಕೂಗ್ತಾ ಕೂತಿದ್ದಾನೆ," ಅಂತ, ಓದುವ ಕೋಣೆಯ ಹಾಜರಿ ಬರೆದುಕೊಂಡು ಬಂದಿದ್ದ ಗಡಿಯಾರ, ಹುಡುಗನ ಹೆಸರು ಕೇಳಿಕೊಂಡು ಸಮಾಧಾನ ಹೇಳಿದ. "ಹತ್ತೂ ಇಪ್ಪತ್ತೈದಕ್ಕೆ ಚೆನ್ನಾಗಿಯೇ ಇದ್ದ."

ಮೆಕ್ಯಾನಿಕ್ ಗ್ರೀಸಿನ ಕೈಯಲ್ಲೇ ಮುಖ ಒರೆಸಿಕೊಂಡು ನಕ್ಕ.

ಅಲ್ಲಿಂದ ಮುಂದಿನದು ಇನ್ಸ್‌ಪೆಕ್ಟರಿಗೆ ಕನಸಿನಲ್ಲಿ ನಡೆದ ಹಾಗೆ ನೆನಪಿನಲ್ಲಿ ಉಳಿಯಿತು. ಪ್ರಾಂಶುಪಾಲರ ಹತ್ತಿರ ಮಕ್ಕಳ ವಿಳಾಸ ತರಿಸಿಕೊಂಡು, ಮಂಜು ತುಂಬಿದ ಬೀದಿಬೀದಿ ಅಲೆದು, ಒಂದೊಂದು ಬಾಗಿಲು ತಟ್ಟಿದ್ದು. ಬಾಗಿಲು ತೆರೆದ ಮನೆಗಳಲ್ಲೆಲ್ಲ ಒಂದೇ ಉತ್ತರ. ಬೆಳಿಗ್ಗೆ ಎದ್ದು ನೋಡಿದರೆ ಹೊಸ್ತಿಲಲ್ಲಿತ್ತು. ಕೆಲವರಿಗೆ ಭಾನುವಾರ, ಕೆಲವರಿಗೆ ಸೋಮವಾರ. ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಒಳಗೆ ನಗುವ ಒಂದು ಮುಖ. ತಂದವರನ್ನು ಯಾರೂ ನೋಡಿಲ್ಲ. ಒಂದು ಮನೆಯಲ್ಲಿ ಚಿತ್ರವನ್ನು ಆಗಲೇ ಕಿಟಕಿಯ ಪಕ್ಕ ತೂಗುಹಾಕಿದ್ದರು. ಇನ್ನೊಂದರಲ್ಲಿ ಅಜ್ಜನೊಬ್ಬ ಅದನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಚೌಕಟ್ಟಿನೊಳಗೆ ಎಲ್ಲ ಚಿತ್ರಗಳ ಕೆಳತುದಿಯನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ ತೆಗೆದಿದ್ದರು.

"ಕೆಳಗೆ ಏನಿತ್ತು?" ಅಂತ ಇನ್ಸ್‌ಪೆಕ್ಟರು ಲಾಂಡ್ರಿ ಅಂಗಡಿಯ ಒಡತಿಯನ್ನು ಕೇಳಿದರು. ಅವಳ ಮಗಳ ಚಿತ್ರ ಗಲ್ಲಾಪೆಟ್ಟಿಗೆಯ ಹಿಂದೆ ಒರಗಿಸಿತ್ತು. ಇಸ್ತ್ರಿಯ ಆವಿ ಅದರ ಮುಂದೆ ಹಾದು ಹೋಗುತ್ತಿತ್ತು.

"ಬರಹ ಇತ್ತು. 'ಅಮ್ಮ ಊರಿನ ಕೊಳೆ ತೊಳೆದಳು, ಮಗಳು ಅಂಕಗಳಲ್ಲಿ ಹೊಳೆದಳು.'" ಒಡತಿ ಮುಖ ಗಂಟು ಹಾಕಿದಳು. "ಊರಿನ ಕೊಳೆಯಂತೆ! ನನ್ನ ಕೈಕೆಳಗೆ ನಾಲ್ಕು ಜನ ಇದ್ದಾರೆ ಸಾಹೇಬರೇ. ಎರಡು ಯಂತ್ರ ಇದೆ. ಹೋದ ವರ್ಷ ಆ ಬರಹ ಓದಿದ ದಿನ ಬಂದು ಯಂತ್ರದ ಹಿಂದೆ ನಿಂತು ಅತ್ತೆ. ಒಳ್ಳೆಯವರು ಒಳ್ಳೆ ಮನಸ್ಸಿನಿಂದ ಬರೆದದ್ದು, ಏನಂತ ಜಗಳ ಆಡೋದು?"

"ಈ ಚಿತ್ರ ಕಳವಿನ ಮಾಲು ಅಮ್ಮಾ. ಜಪ್ತಿ ಮಾಡಬೇಕು."

"ನನ್ನ ಮಗಳ ಮುಖ ಕಳ್ಳಮಾಲಾ?"

ಇನ್ಸ್‌ಪೆಕ್ಟರು ಗಡಿಯಾರನ ಕಡೆ ನೋಡಿದರು. ಗಡಿಯಾರ ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದ. ಕೊನೆಗೆ, ಕರೆದಾಗ ಹಾಜರುಪಡಿಸುತ್ತೇನೆ ಅಂತ ಒಡತಿಯಿಂದ ಮುಚ್ಚಳಿಕೆ ಬರೆಸಿಕೊಂಡು, ಚಿತ್ರವನ್ನು ಅವಳ ವಶದಲ್ಲೇ ಬಿಟ್ಟರು. ಆಮೇಲೆ ಎಲ್ಲ ಮನೆಯಲ್ಲೂ ಹಾಗೇ ಮಾಡಿದ್ದಾಯಿತು. ಮೇಲಿನವರು ಕೇಳಿದರೆ ಏನು ಹೇಳುವುದು ಅಂತ ಗಡಿಯಾರ ಗೊಣಗಿದ. ಕೇಳಿದಾಗ ನೋಡೋಣ ಬಿಡು ಅಂದರು ಸಾಹೇಬರು.

ಮೆಕ್ಯಾನಿಕ್‌ನ ಮನೆಗೆ ಹೋದದ್ದು ಮಂಗಳವಾರ ಬೆಳಿಗ್ಗೆ. ಪ್ರಾಂಶುಪಾಲರು ಕೊಟ್ಟ ವಿಳಾಸಕ್ಕೆ ಹೋದರೆ ಅಲ್ಲಿ ಬೇರೆ ಯಾರೋ ಇದ್ದರು. ವಿಚಾರಿಸಿಕೊಂಡು ಊರಿನ ಇನ್ನೊಂದು ತುದಿಗೆ ಬಂದಾಗ ಮೆಕ್ಯಾನಿಕ್ ಅಂಗಳದಲ್ಲಿ ಮಂಚದ ಕಾಲು ಜೋಡಿಸುತ್ತಿದ್ದ. ಒಳಗೆ ಗಂಟುಮೂಟೆ ಇನ್ನೂ ಬಿಚ್ಚಿರಲಿಲ್ಲ.

"ಯಾವಾಗ ಮನೆ ಬದಲಾಯಿಸಿದ್ದು?"

"ಹೋದ ವಾರ ಸಾಹೇಬರೇ."

"ಕಾಲೇಜಿಗೆ ತಿಳಿಸಿದಿರಾ?"

"ಎಲ್ಲಿ! ನಮ್ಮಣ್ಣನಿಗೇ ಇನ್ನೂ ಹೇಳಿಲ್ಲ, ಅವನು ಅದಕ್ಕೇ ಮುನಿಸಿಕೊಂಡಿದ್ದಾನೆ."

"ಹಾಗಾದರೆ ಈ ಮನೆ ಯಾರಿಗೆ ಗೊತ್ತು?"

"ಯಾರಿಗೂ..." ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. "ಸಾಮಾನು ಸಾಗಿಸೋ ಗಲಾಟೆಯಲ್ಲಿ ಮಗ ಎರಡು ದಿನ ಕ್ಲಾಸಿಗೆ ಹೋಗಿರಲಿಲ್ಲ. ಎರಡು ದಿನ ತಪ್ಪಿಸಿದರೆ ದೊಡ್ಡಕ್ಕ ಮನೆಗೆ ಬಂದೇ ಬರ್ತಾರೆ, ಅದು ಅಲ್ಲಿನ ಪದ್ಧತಿ. ಹಳೇ ಮನೆಗೆ ಹೋಗಿ, ಅಲ್ಲಿ ಕೇಳಿ, ಇಲ್ಲಿ ಕೇಳಿ, ಕೊನೆಗೆ ಇಲ್ಲಿಗೇ ಹುಡುಕಿಕೊಂಡು ಬಂದರು. ಬಂದವರು ಸುಮ್ಮನೆ ಕೂರಲಿಲ್ಲ, ಪಾತ್ರೆ ಜೋಡಿಸಿಕೊಟ್ಟು ಹೋದರು." ಇಷ್ಟು ಹೇಳಿ ಅವನಿಗೆ ತಾನು ಹೇಳಿದ್ದೇನು ಅಂತ ಹೊಳೆಯಿತು. ಬಾಯಿ ಮುಚ್ಚಿಕೊಂಡ.

ಆಗ ಇನ್ಸ್‌ಪೆಕ್ಟರಿಗೆ ನಿನ್ನೆ ಕೈಗೆ ಸಿಗದೆ ಜಾರಿಹೋಗಿದ್ದು ಸಿಕ್ಕಿತು. ಬೀಗ ಹಾಕುವಾಗ ಚಿತ್ರಗಳು ಇದ್ದವಾ ಅಂತ ಅವರು ಕೇಳಿದ್ದರು. ಒಳಗೆ ಬಂದಾಗ ಇದ್ದವು ಅಂತ ದೊಡ್ಡಕ್ಕ ಹೇಳಿದ್ದರು. ಸುಳ್ಳು ಹೇಳಲು ಬಾರದ ಹೆಂಗಸು, ಪಾಪ, ನಿಜವನ್ನೇ ಆಚೀಚೆ ಸರಿಸಿ ಇಟ್ಟಿದ್ದರು.

ಜೀಪು ಕಾಲೇಜಿನ ಕಡೆ ತಿರುಗಿತು. ಇನ್ಸ್‌ಪೆಕ್ಟರಿಗೆ ಬೇಸರವಾಯಿತು. ಕಳ್ಳ ಸಿಕ್ಕಾಗ ಯಾವತ್ತೂ ಆಗದಂಥ ಬೇಸರ.

ಪ್ರಾಂಶುಪಾಲರ ಕೋಣೆಯಲ್ಲಿ ಇಡೀ ಗೋಡೆಯದು ಈಚೆಗೆ ತೆಗೆದ ಫೋಟೋ ಒಂದಿತ್ತು. ಅದನ್ನು ಮೇಜಿನ ಮೇಲೆ ಹರಡಿ, ಸಿಕ್ಕ ಚಿತ್ರಗಳಿಗೆ ಒಂದೊಂದಾಗಿ ಗುರುತು ಹಾಕುತ್ತಾ ಬಂದರು. ಇಪ್ಪತ್ತೈದಕ್ಕೆ ಗುರುತು ಬಿತ್ತು. ಕೊನೆಯ ಸಾಲಿನ ತುದಿಯ ಹುಡುಗಿಯೊಬ್ಬಳು ಉಳಿದಳು. ಎಲ್ಲರೂ ನಗುತ್ತಿದ್ದರು, ಅವಳು ನಕ್ಕಿರಲಿಲ್ಲ.

"ಇವಳು ಯಾರು?"

"ರಸಾಯನಶಾಸ್ತ್ರದವಳು. ಬಹಳ ಚುರುಕು. ಇವಳ ಚಿತ್ರ ಹೋದ ತಿಂಗಳಷ್ಟೇ ಹಾಕಿದ್ದು." ಪ್ರಾಂಶುಪಾಲರ ಮುಖ ಅರಳಿತು. "ಇವಳ ಬರಹ ನೋಡಿ. 'ತಂದೆ ಜೈಲಿನಲ್ಲಿ, ಮಗಳು ಪ್ರಯೋಗಾಲಯದಲ್ಲಿ.' ಓದಿದವರ ಕಣ್ಣು ಒದ್ದೆಯಾಗದೆ ಇರಲ್ಲ. ಬರಹಗಳೆಲ್ಲ ದೊಡ್ಡಕ್ಕನವೇ."

"ಈ ವಿಷಯ ಮೊದಲು ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ದೊಡ್ಡಕ್ಕ ಮನೆಗೆ ಹೋದಾಗ ಅವಳೇ ಹೇಳಿಕೊಂಡಿದ್ದಂತೆ."

"ಹುಡುಗಿ ಎಲ್ಲಿ?"

ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸತೊಡಗಿದರು. "ಚಿತ್ರ ಹಾಕಿದ ಮೇಲೆ ಕಾಲೇಜಿಗೆ ಬಂದಿಲ್ಲ. ನಾಳೆ ಬೆಳಿಗ್ಗೆ ಪ್ರಾಯೋಗಿಕ ಪರೀಕ್ಷೆ. ತಪ್ಪಿಸಿದರೆ ಇಡೀ ವರ್ಷ ಹೋಗುತ್ತೆ. ದೊಡ್ಡಕ್ಕ ಬಂದು, ಬರಹಗಳನ್ನೆಲ್ಲ ತೆಗೆಸಿಬಿಡೋಣ ಅಂದರು. ನಾನು ಶುಕ್ರವಾರ ಕಳೀಲಿ ಅಂದೆ. ಆ ಬರಹ ಓದಿಯೇ ಅಲ್ಲವೇ ಜನ ಕೈ ನೀಡೋದು!"

ಚಿತ್ರ ತೆಗೆದದ್ದು ದೊಡ್ಡಕ್ಕನೇ ಅಂತ ಇನ್ಸ್‌ಪೆಕ್ಟರು ವಿಷಯ ಬಿಡಿಸಿ ಹೇಳಿದರು. ಪ್ರಾಂಶುಪಾಲರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

"ನಿಮ್ಮ ಕಡೆಯಿಂದ ದೂರು ಮುಂದುವರಿಸೋದು ಬೇಡ ಅಂತ ಬರೆದುಕೊಡ್ತೀರಾ?" ಅಂತ ಕೇಳಿದ್ದಕ್ಕೆ ಆಗಲ್ಲ ಅಂತ ತಲೆ ಅಲ್ಲಾಡಿಸಿದರು.

"ಬರುವವರಿಗೆ ಗೋಡೆಯಂತೂ ತೋರಿಸೋಕಾಗಲ್ಲ. ಕಾನೂನು ಪ್ರಕಾರ ಕ್ರಮ ತಗೊಂಡಿದ್ದೀವಿ ಅಂತಾದರೂ ತೋರಿಸಬೇಕಲ್ಲ. ಒಬ್ಬರನ್ನ ಉಳಿಸೋಕೆ ಹೋಗಿ ಇಷ್ಟು ಮಕ್ಕಳ ಕೇಂದ್ರ ಮುಚ್ಚಿಹೋದರೆ?"

ಅವರ ಮಾತಿನಲ್ಲೂ ತಪ್ಪು ಹುಡುಕುವ ಹಾಗಿರಲಿಲ್ಲ. ಅದೇ ದೊಡ್ಡ ತಲೆನೋವು.

ಹುಡುಗಿ ಅಜ್ಜಿಯ ಜೊತೆ, ಹಳೆಯ ಬೇಕರಿಯೊಂದರ ಮಹಡಿಯಲ್ಲಿ ಇದ್ದಳು. ಬೀದಿಯಿಂದಲೇ ಮೇಲಕ್ಕೆ ಕಲ್ಲಿನ ಮೆಟ್ಟಿಲು. ಮಧ್ಯಾಹ್ನ ಮೂರರಿಂದ ಇನ್ಸ್‌ಪೆಕ್ಟರು ಮತ್ತು ತಂಗಿ ಸಾದಾ ಬಟ್ಟೆಯಲ್ಲಿ ಬೇಕರಿಯ ಮುಂದಿನ ಬೆಂಚಿನ ಮೇಲೆ ಕೂತರು. ಗಡಿಯಾರ ಜೀಪಿನ ಜೊತೆ ತಿರುವಿನಲ್ಲಿ ನಿಂತ. ಬ್ರೆಡ್ಡಿನ ವಾಸನೆ, ಮಂಜು, ಯಾವುದೋ ಕಿಟಕಿಯಿಂದ ತೇಲಿಬರುತ್ತಿದ್ದ ಹೊಲಿಗೆ ಯಂತ್ರದ ಸದ್ದು. ಇನ್ಸ್‌ಪೆಕ್ಟರಿಗೆ ಕಣ್ಣು ಎಳೆಯುತ್ತಿತ್ತು. ಆ ಅರೆನಿದ್ದೆಯಲ್ಲೇ ಒಂದು ಸ್ಕೂಟರು ನಿಧಾನವಾಗಿ ಮನೆಯ ಮುಂದೆ ಹಾದುಹೋಗಿದ್ದು ಕಂಡಿತು. ಸ್ವಲ್ಪ ಹೊತ್ತಿಗೆ ಅದೇ ಸ್ಕೂಟರು ವಾಪಸು ಹೋಯಿತು. ಮತ್ತೆ ಬಂತು.

"ಮೂರನೇ ಸಲ ಸಾರ್," ತಂಗಿ ಪಿಸುಗುಟ್ಟಿದಳು. "ನಿಲ್ಲಿಸೋಕೆ ಧೈರ್ಯ ಸಾಲ್ತಾ ಇಲ್ಲ."

ನಾಲ್ಕೂವರೆಗೆ ಸ್ಕೂಟರು ನಿಂತಿತು. ದೊಡ್ಡಕ್ಕ ಕಂದು ಕಾಗದದ ಪೊಟ್ಟಣವನ್ನು ಎದೆಗವಚಿಕೊಂಡು ಮೆಟ್ಟಿಲ ಬುಡಕ್ಕೆ ಬಂದರು. ಬೆಂಚಿನಿಂದ ಎದ್ದ ಇನ್ಸ್‌ಪೆಕ್ಟರನ್ನು ಕಂಡು ಬೆಚ್ಚಲಿಲ್ಲ. ಬಸ್ಸು ಹೊರಡುವ ಹೊತ್ತಾಯಿತೇನೋ ಅನ್ನುವ ಹಾಗೆ ಸುಮ್ಮನೆ ನೋಡಿದರು.

"ಗೊತ್ತಾಯ್ತಾ?"

"ಗೊತ್ತಾಯ್ತು ಅಮ್ಮಾ."

"ಇದೊಂದು ಕೊಟ್ಟುಬಿಡ್ತೀನಿ."

"ಒಂದು ಮಾತು. ಈ ಹುಡುಗಿಯ ಚಿತ್ರ ತೆಗೆದಿದ್ದರೆ ಸಾಕಿತ್ತಲ್ಲ. ಎಲ್ಲಾ ಯಾಕೆ ತೆಗೆದ್ರಿ?"

"ಒಂದನ್ನೇ ತೆಗೆದರೆ ಎಲ್ಲರೂ ಆ ಒಂದು ಖಾಲಿ ಜಾಗವನ್ನೇ ನೋಡ್ತಾರೆ ಸಾರ್. ಇಲ್ಲಿ ಯಾರಿದ್ದರು, ಏನು ಬರೆದಿತ್ತು ಅಂತ ಇನ್ನೂ ಜಾಸ್ತಿ ಮಾತಾಡ್ತಾರೆ." ದೊಡ್ಡಕ್ಕ ಪೊಟ್ಟಣವನ್ನು ಇನ್ನಷ್ಟು ಅವಚಿಕೊಂಡರು. "ಅವಳ ಹತ್ತಿರ ಬಂದು, ಗೋಡೇನೇ ಇಲ್ಲ, ಬಾ ಅಂತ ಕರೀಬೇಕಿತ್ತು."

ಕಾನೂನು ಪ್ರಕಾರ ಅಲ್ಲೇ ದಸ್ತಗಿರಿ ಮಾಡಬೇಕಿತ್ತು. ಇನ್ಸ್‌ಪೆಕ್ಟರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ತಂಗಿ ದೊಡ್ಡಕ್ಕನ ಹಿಂದೆ ನಾಲ್ಕು ಮೆಟ್ಟಿಲು ಹತ್ತಿ ನಿಂತಳು.

ಬಾಗಿಲು ತೆಗೆದದ್ದು ಹುಡುಗಿಯೇ. ಕೂದಲು ಕಟ್ಟಿರಲಿಲ್ಲ. ಪೊಟ್ಟಣ ನೋಡಿದಳು, ಅದನ್ನು ಹಿಡಿದ ಕೈ ನೋಡಿದಳು, ತೆಗೆದುಕೊಳ್ಳಲಿಲ್ಲ.

"ನಿಮಗೆ ಒಬ್ಬರಿಗೇ ಹೇಳಿದ್ದೆ," ಅಂದಳು.

"ಹೌದು ಮಗಳೇ."

"ಆ ಚಿತ್ರ ಹಾಕಿದ ದಿನ ಲ್ಯಾಬಿನಲ್ಲಿ ಒಬ್ಬಳು ತನ್ನ ಪರ್ಸು ಎತ್ತಿ ಇನ್ನೊಂದು ಕಡೆ ಇಟ್ಟಳು. ಬೇಕು ಅಂತ ಮಾಡಲಿಲ್ಲ, ಪಾಪ. ಅವಳಿಗೇ ಗೊತ್ತಾಗಲಿಲ್ಲ."

ದೊಡ್ಡಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಾನು ನಿನ್ನ ಸರಿಯಾಗಿ ಕೇಳಬೇಕಿತ್ತು. ತಪ್ಪಾಯ್ತು."

"ಕೇಳಿದ್ರಿ ಅಕ್ಕಾ. ಕೇಳಿಯೇ ಬರೆದ್ರಿ. ನಾನು ಹೂಂ ಅಂದೆ." ಹುಡುಗಿಯ ಕಣ್ಣು ತುಂಬಿತು. "ಅಪ್ಪ ಹೋದ ಮೇಲೆ ನಮ್ಮ ಮನೆ ಬಾಗಿಲು ತಟ್ಟಿದವರು ನೀವೊಬ್ಬರೇ. ನೀವು ಕೇಳಿದರೆ ಬೇಡ ಅನ್ನೋಕೆ ನನಗೆ ಬಾಯಿ ಬರುತ್ತಾ?"

ಕೆಳಗೆ ನಿಂತಿದ್ದ ಇನ್ಸ್‌ಪೆಕ್ಟರಿಗೆ ದೊಡ್ಡಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ಪ್ರಶ್ನೆ ಕೇಳಲು ಅಷ್ಟೊಂದು ಮಕ್ಕಳಿಗೆ ಕಲಿಸಿದ ಹೆಂಗಸು. ಬೇಡ ಅನ್ನುವುದನ್ನು ಕಲಿಸಿರಲಿಲ್ಲ, ಕಲಿಸಬೇಕು ಅಂತ ಹೊಳೆದೇ ಇರಲಿಲ್ಲ. ಅವರು ಪೊಟ್ಟಣವನ್ನು ಹೊಸ್ತಿಲಲ್ಲಿಟ್ಟು, ಅದರ ಪಕ್ಕದಲ್ಲೇ ಕೂತುಬಿಟ್ಟರು. ಅತ್ತರು. ಹುಡುಗಿ ತಡೆಯಲಿಲ್ಲ, ಒಳಗೂ ಹೋಗಲಿಲ್ಲ.

"ಗೋಡೆ ಈಗ ಬರೀ ಗೋಡೆ," ಅಂದರು ದೊಡ್ಡಕ್ಕ ಕೊನೆಗೆ. "ಏನೂ ಇಲ್ಲ. ನಾಳೆ ಪರೀಕ್ಷೆಗೆ ಹೋಗ್ತೀಯಾ?"

ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ದಸ್ತಗಿರಿ ಮಾಡುವ ಹಾಗಿಲ್ಲ, ಅದಕ್ಕೆ ಮೊದಲೇ ದೊಡ್ಡಕ್ಕನನ್ನು ಕರೆದುಕೊಂಡು ಹೋಗಬೇಕಿತ್ತು. ಇನ್ಸ್‌ಪೆಕ್ಟರು ಎರಡು ಮೆಟ್ಟಿಲು ಹತ್ತಿ, ಆದಷ್ಟು ಮೆಲ್ಲಗೆ ಹೇಳಿದರು: "ಅಮ್ಮಾ, ಹೊರಡೋಣ."

ಹುಡುಗಿ ಆಗ ಮೊದಲ ಸಲ ಅವರನ್ನು ನೋಡಿದಳು. ತಿರುವಿನಲ್ಲಿ ಮಂಜಿನೊಳಗೆ ನಿಂತ ಜೀಪು ನೋಡಿದಳು. ಸಾದಾ ಬಟ್ಟೆಯಾದರೇನು, ಅವಳಿಗೆ ಇವರು ಯಾರು ಅಂತ ಯಾರೂ ಹೇಳಬೇಕಾಗಲಿಲ್ಲ. ಸರಕ್ಕನೆ ಒಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿಕೊಂಡಿತು.

ದೊಡ್ಡಕ್ಕ ಎದ್ದು, ಬಟ್ಟೆ ಸರಿಮಾಡಿಕೊಂಡು, ಮೆಟ್ಟಿಲಿಳಿಯತೊಡಗಿದರು. ಅರ್ಧಕ್ಕೆ ಬಂದಿರಲಿಲ್ಲ, ಮೇಲಿಂದ ಧಡಧಡ ಹೆಜ್ಜೆ ಸದ್ದು. ಹುಡುಗಿ ಕೈಯಲ್ಲಿ ಒಂದು ಬೂದು ಬಣ್ಣದ ಸ್ವೆಟರು ಹಿಡಿದು ಓಡಿ ಬಂದಳು.

"ಇದು ಹಾಕ್ಕೊಳ್ಳಿ. ಅಲ್ಲಿ ಬರೀ ನೆಲ, ತಣ್ಣಗಿರುತ್ತೆ. ಗೋಡೆಗೆ ಒರಗಬೇಡಿ, ಬೆನ್ನು ಹಿಡ್ಕೊಳ್ಳುತ್ತೆ." ಮಾತುಗಳು ಒಂದರ ಹಿಂದೆ ಒಂದು ಉರುಳಿ ಬಂದವು. "ಸರ, ವಾಚು, ಪಿನ್ನು ಎಲ್ಲಾ ಇಲ್ಲೇ ಬಿಚ್ಚಿ ನನ್ನ ಕೈಯಲ್ಲಿ ಕೊಡಿ, ಹೇಗೂ ಅಲ್ಲಿ ತೆಗೆಸ್ತಾರೆ. ಕನ್ನಡಕ ಬಿಡ್ತಾರೆ. ಏನೇ ಸಹಿ ಹಾಕಿಸಿಕೊಂಡರೂ ಓದಿ ಹಾಕಿ. ಅರ್ಥ ಆಗದಿದ್ದರೆ ಇನ್ನೊಂದು ಸಲ ಹೇಳಿ ಅಂತ ಕೇಳಿ. ಅಪ್ಪ ಕೇಳಲಿಲ್ಲ."

ದೊಡ್ಡಕ್ಕ ಕೈ ಮುಂದೆ ಚಾಚಿದರು. ಹುಡುಗಿಯೇ ವಾಚು ಬಿಚ್ಚಿಕೊಂಡಳು, ಸ್ವೆಟರು ತೊಡಿಸಿದಳು, ಗುಂಡಿ ಹಾಕಿದಳು. ತೋಳು ಗಿಡ್ಡವಾಯಿತು. ತಂಗಿ ಮುಖ ಆಚೆ ತಿರುಗಿಸಿ ನಿಂತಿದ್ದಳು.

"ನನ್ನ ಪರೀಕ್ಷೆ ಹತ್ತಕ್ಕೆ," ಅಂದಳು ಹುಡುಗಿ. "ಮುಗಿಸಿಕೊಂಡು ಬರ್ತೀನಿ."

ಸಂಜೆ ಐದು ಹತ್ತಕ್ಕೆ, ಮಹಿಳಾ ಕಾನ್ಸ್‌ಟೇಬಲ್ ಸಮಕ್ಷಮ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು ಅಂತ ಗಡಿಯಾರ ಬರೆದುಕೊಂಡ. ಇಪ್ಪತ್ತಾರನೆಯ ಚಿತ್ರವನ್ನು ಅಜ್ಜಿಯ ವಶಕ್ಕೆ ಕೊಟ್ಟು ಮುಚ್ಚಳಿಕೆ ಪಡೆಯಲಾಯಿತು. ಠಾಣೆಯಲ್ಲಿ ದೊಡ್ಡಕ್ಕ ಹೇಳಿಕೆಯ ಒಂದೊಂದು ಸಾಲನ್ನೂ ಓದಿದರು. ಒಂದು ಕಡೆ ಬೆರಳಿಟ್ಟು, ಇದು ನನಗೆ ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳ್ತೀರಾ ಅಂತ ಕೇಳಿದರು. ಗಡಿಯಾರ ಎರಡು ಸಲ ಹೇಳಿದ.

"ಸಾರ್, ಕೃತ್ಯಕ್ಕೆ ಕಾರಣ ಅಂತ ಏನು ಬರೀಲಿ?" ಅಂತ ಆಮೇಲೆ ಬಂದು ಕೇಳಿದ.

ಇನ್ಸ್‌ಪೆಕ್ಟರು ಸ್ವಲ್ಪ ಯೋಚಿಸಿದರು. "ತನ್ನನ್ನು ನಂಬಿದ ಒಬ್ಬ ವಿದ್ಯಾರ್ಥಿನಿಯ ಮಾತನ್ನು ಊರಿಗೆಲ್ಲ ಹೇಳಿದ್ದಕ್ಕೆ ಪಶ್ಚಾತ್ತಾಪಪಟ್ಟು, ಅವಳನ್ನು ಕಾಲೇಜಿಗೆ ವಾಪಸು ಕರೆಯುವ ಸಲುವಾಗಿ. ಅಷ್ಟೇ ಬರಿ."

ಬುಧವಾರ ಮಧ್ಯಾಹ್ನ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಸರದಿಗಾಗಿ ಹೊರಗಿನ ಉದ್ದನೆಯ ಜಗಲಿಯಲ್ಲಿ ಕಾಯುತ್ತಿದ್ದಾಗ, ಮಂಜಿನಲ್ಲಿ ಯಾರೋ ಬೇಗಬೇಗ ನಡೆದು ಬರುವುದು ಕಂಡಿತು. ಹುಡುಗಿ ಬಂದವಳೇ ದೊಡ್ಡಕ್ಕನ ಪಕ್ಕ ಕೂತಳು. ಏದುಸಿರು ಬಿಡುತ್ತಿದ್ದಳು. ಪರೀಕ್ಷೆ ಹೇಗಾಯಿತು ಅಂತ ಯಾರೂ ಕೇಳಲಿಲ್ಲ. ಅವಳು ದೊಡ್ಡಕ್ಕನ ಕೈ ಹಿಡಿದುಕೊಂಡಾಗ, ಪ್ರಯೋಗಾಲಯದ ನೀಲಿ ಕಲೆ ಅವಳ ಐದೂ ಬೆರಳಿನಲ್ಲಿತ್ತು.